ನಡುಹೊಳೆಯ ಗಡಿ
(ನಗರವನ್ನೂ ಕಟ್ಟಡವನ್ನೂ ಸೀಳಿದ ಸೀಮಾರೇಖೆಗಳನ್ನು ಕುರಿತು ಒಂದು ವಿವೇಚನೆ)

ರಾಜ್ಯಗಳ ಸೀಮೆಗಳನ್ನು ವಿವರಿಸುವಾಗ ಅವುಗಳನ್ನು ಸಹಜವಾದವು, ಕೃತಕವಾದವು ಎಂದು ಎರಡು ಬಗೆಯಾಗಿ ವಿಂಗಡಿಸುವುದು ನಮ್ಮ ಪಠ್ಯಗ್ರಂಥಗಳ ವಾಡಿಕೆ. ಬೆಟ್ಟದ ಸಾಲು, ನದಿ, ಮರಳುಗಾಡು ಮುಂತಾದ ನಿಸರ್ಗದ ತಡೆಗಳನ್ನು ಅನುಸರಿಸಿದ್ದು ಸಹಜ ಸೀಮೆ. ಊರು ಕೇರಿಗಳ ನಡುವೆ, ಕೆಲವು ವೇಳೆ ಮನೆಯ ನಡುವೆಯೇ ಹಾದುಹೋಗುವುದು ಕೃತಕ ಸೀಮೆ. ಮೊದಲನೆಯದು ಬಾಳಿಕೆಯುಳ್ಳದ್ದೆಂದೂ ಎರಡನೆಯದು ವಿಪರೀತವೆಂದೂ ವಿದ್ಯಾರ್ಥಿಗಳು ಗ್ರಹಿಸುತ್ತಾರೆ. ಈ ವಿಂಗಡಣೆ ಎಲ್ಲ ಕಡೆಗೂ ಒಪ್ಪುವಂಥದಲ್ಲ. ನಕಾಶೆಯಲ್ಲಿ ತೀರ ಸಹಜವಾಗಿ ಕಾಣುವ ನದಿಯ ಗಡಿಯೇ ಒಂದು ನಗರವನ್ನು ಎರಡಾಗಿ ಸೀಳಿದ್ದೂ, ಮುಂದೆ ಅದೇ ಗಡಿ ಒಂದು ಕಟ್ಟಡದ ಒಡಲೊಳಗೆ ಸೇರಿಕೊಂಡದ್ದೂ ನಮ್ಮ ನಾಡಿನಲ್ಲಿಯೇ ನಡೆದಿದೆ. ನಗರ ವಿಜಯನಗರ, ಕಟ್ಟಡ ತುಂಗಭದ್ರೆಯ ಅಣೆಕಟ್ಟು, ಸೀಳಿದ ಗೆರೆ 1800ರಲ್ಲಿ ಮದರಾಸು ಆಧಿಪತ್ಯಕ್ಕೂ ನಿಜಾಮನ ರಾಜ್ಯಕ್ಕೂ ನಡುವೆ ಗೊತ್ತಾದ ಗಡಿ. ಈ ಗೆರೆಯನ್ನೆಳೆದ ಎರಡು ಪ್ರಭುತ್ವಗಳೂ ಇಂದಿಲ್ಲ. ಆದರೂ ಗೆರೆ ಮುಗಿದ ಕಥೆಯಾಗಿಲ್ಲ. ಏಕೆ ಮುಗಿದಿಲ್ಲವೆಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ.

೧. ಎಲ್ಲೆಯ ಹಳೆಯ ಕಲ್ಪನೆ

ನಮ್ಮ ಶಾಸನಗಳಲ್ಲಿ ಎಲ್ಲೆಯೆಂಬುದು ಮುಖ್ಯವಾಗಿ ಹೊಲಗದ್ದೆಗಳಿಗೆ ಸಂಬಂಧಿಸಿದ ಮಾತು. ದತ್ತಿ ಬಿಟ್ಟ ಭೂಮಿಗೆ ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ನಾಲ್ಕು ದಿಕ್ಕುಗಳನ್ನು ಹೆಸರಿಸಿ, ಒಂದೊಂದು ದಿಕ್ಕಿಗೂ ನಟ್ಟ ಕಲ್ಲು, ಹುತ್ತ, ಹಳ್ಳ, ಕೆರೆಯ ಕೋಡಿ, ಹೆಮ್ಮರ ಮುಂತಾದ ಗುರುತುಗಳನ್ನು ಹೇಳುತ್ತಿದ್ದರು. ಶೈವ ದತ್ತಿಗೆ ಲಿಂಗಮುದ್ರೆಯ ಕಲ್ಲು, ವೈಷ್ಣವ ದತ್ತಿಗೆ ವಾಮನಮುದ್ರೆಯ ಕಲ್ಲು, ಜೈನ ದತ್ತಿಗೆ ಮುಕ್ಕೊಡೆಯ ಕಲ್ಲು ನಿಲ್ಲುತ್ತಿದ್ದುವು. ಹೊಲದ ಎಲ್ಲೆ ಇಷ್ಟು ಖಚಿತವಾಗಿದ್ದರೂ ರಾಜ್ಯದ ಎಲ್ಲೆ ಖಚಿತವಾಗಿರಲಿಲ್ಲ. ಕೋಗಳಿ ಐನೂರು ಎಂದು ಶಾಸನ ಹೇಳಿದಾಗ ಅದು ಒಂದು ನಾಡನ್ನು ಸೂಚಿಸಿತೇ ಹೊರತು ಅದರ ಸುತ್ತ ಎಳೆದ ಅಖಂಡವಾದ ಗೆರೆಯನ್ನು ಸೂಚಿಸಲಿಲ್ಲ. ತೆರಿಗೆ ಯಾರಿಗೆ ಸಲ್ಲುತ್ತಿತ್ತೋ ಅಲ್ಲಿಯವರೆಗೆ ರಾಜ್ಯ. ತೆರಿಗೆಯ ದಾರಿ ಬದಲಾದರೆ ರಾಜ್ಯವೂ ಬದಲಾಯಿತು.

ಇಂಥ ವ್ಯವಸ್ಥೆಯಲ್ಲಿ ನದಿ ಗಡಿಯಾಗಬೇಕಾದ ಕಾರಣವಿರಲಿಲ್ಲ. ತುಂಗಭದ್ರೆಯ ಎರಡು ದಡಗಳ ಭಾಷೆ ಒಂದು, ದೈವಗಳು ಒಂದು, ಊರುಗಳ ಹೆಸರುಗಳು ಕೂಡ ಒಂದೇ ಅಚ್ಚಿನವು. ಹಡಗಲಿ ತಾಲ್ಲೂಕಿನಲ್ಲಿ ಇಟ್ಟಿಗಿಯೆಂಬ ಊರುಂಟು. ಹೊಳೆಯಾಚೆ ಕೊಪ್ಪಳ ಜಿಲ್ಲೆಯಲ್ಲಿ ಇಟಗಿಯೆಂಬ ಊರುಂಟು. ಎರಡನೆಯದರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಪ್ರಸಿದ್ಧವಾದ ಮಹಾದೇವ ದೇವಾಲಯವಿದೆ. ಹೊಸಬರು ಇವೆರಡನ್ನೂ ಒಂದೆಂದು ಭ್ರಮಿಸುವುದುಂಟು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಕಾಲಕ್ಕೆ ನಡೆಯುವ ಕಾರಣಿಕವನ್ನು ಕೇಳಲು ಹೊಳೆಯ ಆಚೆಯ ಭಕ್ತರು ಈಚೆಯವರಷ್ಟೇ ಸಂಖ್ಯೆಯಲ್ಲಿ ನೆರೆಯುತ್ತಾರೆ. ಹರಿಗೋಲಿನವನಿಗೆ ನದಿ ದಾರಿಯಾಗಿತ್ತು. ಅದನ್ನು ಗೋಡೆಯೆಂದು ಮೊದಲು ಬಗೆದವರು ಒಪ್ಪಂದಗಳನ್ನು ಬರೆದವರು.

೨. 1800ರ ಒಪ್ಪಂದ

ಟಿಪ್ಪುವಿನೊಡನೆ ನಡೆದ ಯುದ್ಧಗಳ ಫಲವಾಗಿ 1792ರಲ್ಲಿಯೂ 1799ರಲ್ಲಿಯೂ ಈ ಪ್ರಾಂತದ ಬಹುಭಾಗ ನಿಜಾಮನಿಗೆ ದೊರೆಯಿತು. ಅದನ್ನು ಅವನು ಬಹುಕಾಲ ಇಟ್ಟುಕೊಳ್ಳಲಿಲ್ಲ. 1800ರ ಅಕ್ಟೋಬರ್ 12ರ ಒಪ್ಪಂದದಂತೆ, ತನ್ನ ರಕ್ಷಣೆಗಾಗಿ ಇರಿಸಿಕೊಂಡ ಕಂಪೆನಿಯ ಸೈನ್ಯದ ವೆಚ್ಚಕ್ಕೆ ಬದಲಾಗಿ ಆ ಸೀಮೆಯನ್ನು ಕಂಪೆನಿಗೆ ಬಿಟ್ಟುಕೊಟ್ಟನು. ದತ್ತಮಂಡಲವೆಂಬ ಹೆಸರು ಬಂದುದು ಇದರಿಂದಲೇ. ಈ ಒಪ್ಪಂದದಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದ ಒಂದು ಅಂಶವಿದೆ. ಗಡಿ ಸ್ಪಷ್ಟವಾಗಿರಲೆಂಬ ಉದ್ದೇಶದಿಂದ ಕೊಪ್ಪಳವೇ ಮೊದಲಾದ ಉತ್ತರದಡದ ಸ್ಥಳಗಳನ್ನು ನಿಜಾಮನಿಗೆ ಉಳಿಸಿ, ಅವುಗಳಿಗೆ ಪ್ರತಿಯಾಗಿ ಆದವಾನಿಯನ್ನೂ ತುಂಗಭದ್ರೆಯ ದಕ್ಷಿಣಕ್ಕಿದ್ದ ಅವನ ಉಳಿದ ಭೂಮಿಯನ್ನೂ ಕಂಪೆನಿ ಪಡೆಯಿತು. ಎಂದರೆ, ಹೊಳೆಯನ್ನು ಗಡಿಯಾಗಿ ಮಾಡುವುದಕ್ಕಾಗಿಯೇ ಭೂಮಿಯನ್ನು ಅದಲುಬದಲು ಮಾಡಲಾಯಿತು. ಸಹಜ ಸೀಮೆಯೆಂದು ನಾವು ಕರೆಯುವ ಗೆರೆ ಹೀಗೆ ಕಾಗದದ ಮೇಲೆ ಚೌಕಾಸಿಯಿಂದ ಹುಟ್ಟಿದ್ದು.

ಅದೇ ವರ್ಷ ಥಾಮಸ್ ಮನ್ರೋ ದತ್ತಮಂಡಲದ ಪ್ರಧಾನ ಕಲೆಕ್ಟರನಾಗಿ ಬಂದು 1807ರವರೆಗೆ ಇದ್ದನು. ಪಾಳೆಯಗಾರರನ್ನು ಅಡಗಿಸಿ, ಹೊಲಗಳನ್ನಳೆಸಿ, ರೈತವಾರಿ ಪದ್ಧತಿಗೆ ತಳಹದಿ ಹಾಕಿದನು. 1818ರಲ್ಲಿ ಪೇಶ್ವೆಯ ಆಳಿಕೆ ಕೊನೆಗೊಂಡು ಧಾರವಾಡದ ಸೀಮೆ ಕಂಪೆನಿಗೆ ಸೇರಿತು. ಮುಂದೆ ಅದು ಮುಂಬಯಿ ಆಧಿಪತ್ಯದ ಜಿಲ್ಲೆಯಾಯಿತು. ದಕ್ಷಿಣದಲ್ಲಿ ಮೈಸೂರು ಸಂಸ್ಥಾನ. ಇದರಿಂದ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳ ಸೀಮೆ ಮದರಾಸು ಆಧಿಪತ್ಯದ ಒಂದು ಮೂಲೆಯಾಗಿ, ಮೂರು ಬೇರೆ ಆಡಳಿತಗಳಿಗೆ ನೆರೆಯಾಗಿ ಉಳಿಯಿತು. ಮುಂಡರಗಿಯ ಕಡೆಗೆ ಹೊಳೆ ದಾಟಿದರೆ ಮುಂಬಯಿ, ಕೊಪ್ಪಳದ ಕಡೆಗೆ ದಾಟಿದರೆ ನಿಜಾಮ, ದಾವಣಗೆರೆ ಜಗಳೂರುಗಳ ಕಡೆಗೆ ನಡೆದರೆ ಮೈಸೂರು. ಇವರೆಲ್ಲರ ರಾಜಧಾನಿಗಳೂ ದೂರ. ಮದರಾಸು ಅವುಗಳಲ್ಲಿ ಅತಿ ದೂರದವುಗಳಲ್ಲಿ ಒಂದು.

ಗಡಿಯ ಪರಿಣಾಮ ದಿನಬಳಕೆಯ ವಸ್ತುಗಳಲ್ಲಿ ಎದ್ದು ಕಾಣುತ್ತಿತ್ತು. ಈಚೆ ದಡದಲ್ಲಿ ಇಂಗ್ಲಿಷ್ ಸರ್ಕಾರದ ರೂಪಾಯಿ. ಆಚೆ ದಡದಲ್ಲಿ ನಿಜಾಮನ ಹಾಲಿ ಸಿಕ್ಕಾ. ಹಾಲಿ ಸಿಕ್ಕಾದ ಏಳು ರೂಪಾಯಿಗೆ ಇಂಗ್ಲಿಷ್ ರೂಪಾಯಿ ಸುಮಾರು ಆರು. ಆಚೆಗೆ ಸಾಗುವ ಸರಕಿಗೆ ನಿಜಾಮನ ಕರೋಡಗಿರಿ ಇಲಾಖೆಯ ಸುಂಕ. ಅಲ್ಲಿಯ ಕಚೇರಿಗಳಲ್ಲಿ ಮೊದಲು ಪಾರಸಿ, ಅನಂತರ ಉರ್ದು, ಇಲ್ಲಿ ಇಂಗ್ಲಿಷು. ಕನ್ನಡ ಎರಡೂ ಕಡೆ ಮನೆಯ ಭಾಷೆ. ಯಾವ ಕಡೆಯೂ ಸರ್ಕಾರದ ಭಾಷೆಯಲ್ಲ.

೩. ಸೀಳಿದ ನಗರ

ಈ ಗೆರೆ ಹಳ್ಳಿಗಳ ನಡುವೆ ಮಾತ್ರ ಹಾದಿದ್ದರೆ ಅದು ಸಾಮಾನ್ಯ ಸಂಗತಿಯೆನಿಸುತ್ತಿತ್ತು. ಅದು ವಿಜಯನಗರವೆಂಬ ಮಹಾನಗರದ ನಡುವೆ ಹಾದುಹೋಯಿತು. ಆನೆಗೊಂದಿ ಉತ್ತರ ದಡದಲ್ಲಿದೆ. ಹಂಪೆ ದಕ್ಷಿಣ ದಡದಲ್ಲಿದೆ. ವಿಜಯನಗರದ ಸ್ಥಾಪನೆಗಿಂತ ಮುಂಚೆಯೇ ಆನೆಗೊಂದಿ ಕೋಟೆಯ ಊರು. ಹದಿನಾಲ್ಕನೆಯ ಶತಮಾನದಲ್ಲಿ ನಗರ ದಕ್ಷಿಣಕ್ಕೆ ಬೆಳೆದಾಗ ಆನೆಗೊಂದಿ ಕೈಬಿಟ್ಟು ಹೋಗಲಿಲ್ಲ. ರಾಜಧಾನಿಯ ಉತ್ತರದ ರಕ್ಷಣೆಯಾಗಿ ಉಳಿಯಿತು. ವಿಠ್ಠಲ ದೇವಾಲಯದ ಸಮೀಪದಲ್ಲಿ ಹೊಳೆಯೊಳಗೆ ಇಂದಿಗೂ ನಿಂತಿರುವ ಕಲ್ಲುಕಂಬಗಳು ಎರಡು ದಡಗಳನ್ನು ಕೂಡಿಸಿದ್ದ ಸೇತುವೆಯ ಅವಶೇಷಗಳು. ನದಿ ಆ ನಗರದ ಅಂಚಾಗಿರಲಿಲ್ಲ; ಅದರ ನಡುವೆ ಹರಿಯುತ್ತಿತ್ತು.

ಕ್ಷೇತ್ರಮಾಹಾತ್ಮ್ಯದ ದೃಷ್ಟಿಯಿಂದಲೂ ಇದು ಒಂದೇ ಭೂಮಿ. ವಿರೂಪಾಕ್ಷನ ಗುಡಿ, ಹೇಮಕೂಟ, ಮತಂಗ, ಮಾಲ್ಯವಂತಗಳು ದಕ್ಷಿಣದಲ್ಲಿ. ಪಂಪಾಸರೋವರವೂ ಅಂಜನಾದ್ರಿಯೂ ಉತ್ತರದಲ್ಲಿ. ರಾಮಾಯಣದ ಕಿಷ್ಕಿಂಧೆಯನ್ನು ಇಲ್ಲಿ ಕಾಣುವ ಯಾತ್ರಿಕ ಎರಡೂ ದಡಗಳನ್ನು ನೋಡದೆ ಯಾತ್ರೆಯನ್ನು ಮುಗಿಸಲಾರ. 1800ರ ಅನಂತರ ಅವನ ಯಾತ್ರೆಯ ಅರ್ಧ ಮದರಾಸಿನಲ್ಲಿ, ಅರ್ಧ ಹೈದರಾಬಾದಿನಲ್ಲಿ ನಡೆಯಿತು.

ಯಾತ್ರಿಕನಿಗಿಂತ ವಿದ್ವಾಂಸನ ಮೇಲೆ ಈ ಗೆರೆ ಹೆಚ್ಚು ಪರಿಣಾಮ ಮಾಡಿತೆಂದು ನಮ್ಮ ಅಭಿಪ್ರಾಯ. ಮದರಾಸು ಸಿವಿಲ್ ಸೇವೆಯಲ್ಲಿದ್ದ ರಾಬರ್ಟ್ ಸ್ಯುವೆಲ್ 1900ರಲ್ಲಿ ವಿಜಯನಗರದ ಇತಿಹಾಸವನ್ನು ಪ್ರಕಟಿಸಿ, ಮರೆತುಹೋಗಿದ್ದ ಸಾಮ್ರಾಜ್ಯವನ್ನು ಓದುಗರ ಗಮನಕ್ಕೆ ತಂದನು. ಎ. ಎಚ್. ಲಾಂಗ್‌ಹರ್ಸ್ಟ್ ಹಂಪೆಯ ಅವಶೇಷಗಳನ್ನು ಕುರಿತ ಪುಸ್ತಕವನ್ನು 1917ರಲ್ಲಿ ಮದರಾಸಿನಿಂದ ಹೊರತಂದನು. ಉತ್ತರ ದಡದ ಅವಶೇಷಗಳು ಇದೇ ಕಾಲದಲ್ಲಿ ಬೇರೊಂದು ಆಡಳಿತಕ್ಕೆ, 1914ರಲ್ಲಿ ಸ್ಥಾಪಿತವಾದ ನಿಜಾಮ ಸರ್ಕಾರದ ಪ್ರಾಚ್ಯವಸ್ತು ಇಲಾಖೆಗೆ, ಸೇರಿದ್ದುವು. ಒಂದೇ ನಗರಕ್ಕೆ ಎರಡು ಇಲಾಖೆಗಳು, ಎರಡು ವರದಿಗಳು. ಹಂಪೆಯೆಂದರೆ ದಕ್ಷಿಣ ದಡವೆಂದೂ ಆನೆಗೊಂದಿ ಅದರ ನೆರೆಯೂರೆಂದೂ ಭಾವಿಸುವ ರೂಢಿ ನಮ್ಮಲ್ಲಿ ಬಲವಾಗುವುದಕ್ಕೆ ಈ ಇಬ್ಬಗೆಯ ಆಡಳಿತವೂ ಒಂದು ಕಾರಣವಾಗಿರಬಹುದು.

ರಾಜ್ಯದ ಗಡಿ 1956ರಲ್ಲಿ ಅಳಿದರೂ ಅದೇ ಸ್ಥಳದಲ್ಲಿ ಜಿಲ್ಲೆಯ ಗಡಿ ಉಳಿಯಿತು. 1986ರಲ್ಲಿ ಹಂಪೆಯ ಸ್ಮಾರಕಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಎರಡು ದಡಗಳನ್ನು ಮತ್ತೆ ಕೂಡಿಸಲೆಂದು ಆನೆಗೊಂದಿಯ ಬಳಿ ಸೇತುವೆ ಕಟ್ಟತೊಡಗಿದಾಗ, ಅದರಿಂದ ಸ್ಮಾರಕಗಳ ಪರಿಸರಕ್ಕೆ ಧಕ್ಕೆಯೆಂದು 1999ರಲ್ಲಿ ಹಂಪೆಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಲಾಯಿತು. 2006ರಲ್ಲಿ ಆ ಪಟ್ಟಿಯಿಂದ ತೆಗೆಯಲಾಯಿತು. ಕಟ್ಟುತ್ತಿದ್ದ ಆ ಸೇತುವೆ 2009ರ ಜನವರಿಯಲ್ಲಿ ಕುಸಿದು ಪ್ರಾಣಹಾನಿಯಾಯಿತು. ಎರಡು ದಡಗಳನ್ನೂ ಒಂದೇ ಕ್ಷೇತ್ರವೆಂದು ನೋಡಿಕೊಳ್ಳುವುದಕ್ಕಾಗಿ 2002ರ ಕಾಯಿದೆಯಂತೆ ಹಂಪಿ ವಿಶ್ವಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ರಚಿತವಾಯಿತು. ಅದರ ವ್ಯಾಪ್ತಿ ಎರಡು ಜಿಲ್ಲೆಗಳಲ್ಲಿ ಹರಡಿದೆ. 2021ರಲ್ಲಿ ಬಳ್ಳಾರಿ ಜಿಲ್ಲೆಯನ್ನು ವಿಭಜಿಸಿ ವಿಜಯನಗರ ಜಿಲ್ಲೆಯನ್ನು ರಚಿಸಿದಾಗ ಈ ಹಳೆಯ ಗೆರೆ ಮತ್ತೊಮ್ಮೆ ತಲೆದೋರಿತು. ಸಾಮ್ರಾಜ್ಯದ ಹೆಸರು ಹೊತ್ತ ಜಿಲ್ಲೆಯಲ್ಲಿ ಹಂಪೆ ಇದೆ. ಸಾಮ್ರಾಜ್ಯದ ತೊಟ್ಟಿಲಾದ ಆನೆಗೊಂದಿ ಇಲ್ಲ. ಅದು ಕೊಪ್ಪಳ ಜಿಲ್ಲೆಯಲ್ಲಿದೆ.

೪. ಸೀಳಿದ ಕಟ್ಟಡ

ಪಾಳುನಗರವನ್ನು ಎರಡು ಆಡಳಿತಗಳು ಹಂಚಿಕೊಂಡರೆ ಆಗುವ ನಷ್ಟ ವಿದ್ಯೆಗೆ ಸಂಬಂಧಿಸಿದ್ದು. ಜೀವಂತವಾದ ಕಟ್ಟಡವನ್ನು ಹಂಚಿಕೊಂಡರೆ ಅನ್ನನೀರುಗಳ ಪ್ರಶ್ನೆಯೇ ಏಳುತ್ತದೆ. ತುಂಗಭದ್ರಾ ಅಣೆಕಟ್ಟು ಇದಕ್ಕೆ ನಿದರ್ಶನ.

ತುಂಗಭದ್ರೆಗೆ ದೊಡ್ಡ ಅಣೆ ಕಟ್ಟಬೇಕೆಂಬ ವಿಚಾರ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಷ್ಟು ಹಳೆಯದು. ಬಳ್ಳಾರಿ, ಅನಂತಪುರ, ಕರ್ನೂಲು, ರಾಯಚೂರುಗಳು ಬರಗಾಲಕ್ಕೆ ಹೆಸರಾದ ಜಿಲ್ಲೆಗಳು. ನೀರಿನ ಅಗತ್ಯದಲ್ಲಿ ಸಂದೇಹವಿರಲಿಲ್ಲ; ತೊಡಕಿದ್ದುದು ಗಡಿಯಲ್ಲಿ. ಹೊಳೆಯ ಒಂದು ದಡ ಮದರಾಸಿನದು, ಇನ್ನೊಂದು ನಿಜಾಮನದು. ಒಬ್ಬರು ಒಪ್ಪದೆ ಇನ್ನೊಬ್ಬರು ಆಚೆ ದಡಕ್ಕೆ ಒಂದು ಕಲ್ಲನ್ನೂ ಆನಿಸುವಂತಿರಲಿಲ್ಲ. ಮಾತುಕತೆ ದಶಕಗಳವರೆಗೆ ಎಳೆದು 1944ರಲ್ಲಿ ಒಪ್ಪಂದವಾಯಿತು. 1945ರ ಫೆಬ್ರುವರಿ 28ರಂದು ಶಂಕುಸ್ಥಾಪನೆ ನಡೆಯಿತು. ಶಂಕುಸ್ಥಾಪನೆಗಳು ನಡೆದುವೆಂದರೆ ಹೆಚ್ಚು ಸರಿ: ಎಡದಡದಲ್ಲಿ ಹೈದರಾಬಾದಿನ ಪರವಾಗಿ ಬಿರಾರಿನ ಯುವರಾಜನೂ ಬಲದಡದಲ್ಲಿ ಮದರಾಸಿನ ಗವರ್ನರ್ ಸರ್ ಆರ್ಥರ್ ಹೋಪನೂ ಒಂದೇ ದಿನ ಬೇರೆ ಬೇರೆ ಕಲ್ಲುಗಳನ್ನಿಟ್ಟರು. ಒಂದು ಅಣೆಕಟ್ಟಿಗೆ ಎರಡು ಅಡಿಗಲ್ಲುಗಳು.

ಕೆಲಸವೂ ಹಾಗೆಯೇ ಸಾಗಿತು. ಎಡದ ಅರ್ಧ ಹೈದರಾಬಾದಿನ ಎಂಜಿನಿಯರುಗಳದು, ಅವರ ಬೀಡು ಮುನಿರಾಬಾದಿನಲ್ಲಿ. ಬಲದ ಅರ್ಧ ಮದರಾಸಿನವರದು, ಅವರ ಬೀಡು ಹೊಸಪೇಟೆಯ ಕಡೆ. ಮದರಾಸಿನ ಕಡೆಯಲ್ಲಿ ತಿರುಮಲೆ ಅಯ್ಯಂಗಾರರ ಹೆಸರು ಪ್ರಸಿದ್ಧ. ಎರಡು ಖಜಾನೆಗಳಿಂದ ಬಂದ ಹಣದಿಂದ, ಎರಡು ದಡಗಳಿಂದ ಹೊರಟು, ಕಲ್ಲುಗಾರೆಯ ಒಂದೇ ಗೋಡೆ ನಡುಹೊಳೆಯಲ್ಲಿ ಕೂಡಿಕೊಂಡಿತು. ಅದರ ಉದ್ದ ಸುಮಾರು 2,441 ಮೀಟರ್. ನೀರು ಹೊರಬಿಡುವ ತೂಬುಬಾಗಿಲುಗಳು 33. ನೀರು ಎರಡು ಬಣ್ಣಗಳಲ್ಲಿ ನಿಲ್ಲುವುದಿಲ್ಲವಷ್ಟೆ. ಕಟ್ಟಿದವರು ಇಬ್ಬರಾದರೂ ನಿಂತ ನೀರು ಒಂದೇ ಆಯಿತು.

ಕೆಲಸ ನಡೆಯುತ್ತಿರುವಾಗಲೇ ಕಟ್ಟುವವರ ರಾಜ್ಯಗಳು ಬದಲಾದುವು. 1947ರಲ್ಲಿ ಮದರಾಸು ಸ್ವತಂತ್ರ ಭಾರತದ ಪ್ರಾಂತವಾಯಿತು. ನಿಜಾಮನ ರಾಜ್ಯ ಹೊರಗುಳಿಯಿತು. ರಜಾಕಾರರ ಹಾವಳಿಯ ಆ ದಿನಗಳಲ್ಲಿ ಕೊಪ್ಪಳ ಸೀಮೆಯ ಕನ್ನಡಿಗರು ಗಡಿ ದಾಟಿ ಆಶ್ರಯ ಪಡೆದರು. ಮುಂಡರಗಿಯ ಶಿಬಿರದಿಂದ ಅಳವಂಡಿ ಶಿವಮೂರ್ತಿಸ್ವಾಮಿಗಳು ಹೋರಾಟವನ್ನು ನಡೆಸಿದರು. ಬಾಂಧವರನ್ನು ಅಗಲಿಸಿದ ಗೆರೆಯೇ ಒಂದು ಕಾಲಕ್ಕೆ ಅವರಿಗೆ ಆಶ್ರಯದ ಗೆರೆಯೂ ಆಯಿತೆಂಬುದನ್ನು ಇತಿಹಾಸಕಾರ ಮರೆಯಬಾರದು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದೊಳಗೆ ಬಂತು. 1953ರ ಹೊತ್ತಿಗೆ ಅಣೆಕಟ್ಟಿನ ಕಾಲುವೆಗಳಿಗೆ ನೀರು ಬಂತು.

ಅದೇ ವರ್ಷ ಮದರಾಸು ರಾಜ್ಯವೇ ಒಡೆಯಿತು. ಆಂಧ್ರ ರಾಜ್ಯದ ರಚನೆಗಾಗಿ ನ್ಯಾಯಮೂರ್ತಿ ವಾಂಛೂ ಅವರ ವರದಿಯೂ, ವಿವಾದಕ್ಕೆ ಗುರಿಯಾದ ಬಳ್ಳಾರಿ ತಾಲ್ಲೂಕನ್ನು ಕುರಿತು ನ್ಯಾಯಮೂರ್ತಿ ಮಿಶ್ರಾ ಅವರ ವರದಿಯೂ ಬಂದುವು. ಕೊನೆಗೆ 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿ, ಬಳ್ಳಾರಿಯೂ ಹೊಸಪೇಟೆ, ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಸಂಡೂರು, ಸಿರುಗುಪ್ಪ ತಾಲ್ಲೂಕುಗಳೂ ಮೈಸೂರಿಗೆ ಬಂದುವು. ಆಗ ಅಣೆಕಟ್ಟಿನ ಸ್ಥಿತಿ ವಿಚಿತ್ರವಾಯಿತು. ಬಲದ ಅರ್ಧ ಮೈಸೂರಿನ ನೆಲದ ಮೇಲೆ, ಎಡದ ಅರ್ಧ ಹೈದರಾಬಾದಿನ ನೆಲದ ಮೇಲೆ. ಬಲದಂಡೆಯ ನೀರಿಗೆ ಹಕ್ಕುದಾರನಾದ ಆಂಧ್ರಕ್ಕೆ ಅಣೆಕಟ್ಟಿನ ಹತ್ತಿರ ಒಂದು ಗೇಣು ನೆಲವೂ ಇಲ್ಲ. ನೆಲದ ಗಡಿಯೂ ನೀರಿನ ಹಕ್ಕಿನ ಗಡಿಯೂ ಒಂದರಿಂದೊಂದು ಬೇರೆಯಾದುವು. ಈ ತೊಡಕನ್ನು ಬಿಡಿಸಲು ಆಂಧ್ರ ರಾಜ್ಯ ಕಾಯಿದೆಯ ಆಧಾರದ ಮೇಲೆ ತುಂಗಭದ್ರಾ ಮಂಡಳಿಯೆಂಬ ಮೂರನೆಯ ಸಂಸ್ಥೆ ಹುಟ್ಟಿತು.

1956ರ ನವೆಂಬರ್ 1ರಂದು ಕೊಪ್ಪಳ ರಾಯಚೂರುಗಳು ಮೈಸೂರು ರಾಜ್ಯಕ್ಕೆ ಸೇರಿ, ಅಣೆಕಟ್ಟಿನ ಎರಡು ದಡಗಳೂ ಒಂದೇ ರಾಜ್ಯದಲ್ಲಿ ನಿಂತವು. ನೆಲದ ಲೆಕ್ಕದಲ್ಲಿ ಗಡಿ ಅಳಿಯಿತು. ಆದರೆ ಮಂಡಳಿ ಉಳಿಯಿತು. ಜಲಾಶಯದ ಸಮಾನ ಭಾಗಗಳೂ ಬಲದಂಡೆಯ ಕಾಲುವೆಗಳೂ ಅದರ ಆಡಳಿತದಲ್ಲಿವೆ. ಎಡದಂಡೆಯ ಕಾಲುವೆಗಳು ಕರ್ನಾಟಕದ ಆಡಳಿತದಲ್ಲಿವೆ. ಮದರಾಸಿಗೂ ನಿಜಾಮನಿಗೂ ನಡುವೆ ಇದ್ದ ಗೆರೆ ಈಗ ಮಂಡಳಿಗೂ ರಾಜ್ಯಕ್ಕೂ ನಡುವಣ ಕೆಲಸದ ಗೆರೆಯಾಗಿದೆ. ಕೃಷ್ಣಾ ನ್ಯಾಯಾಧಿಕರಣದ ಹಂಚಿಕೆಯ ಪ್ರಕಾರ ಈ ಜಲಾಶಯದ ನೀರಿನಲ್ಲಿ ಕರ್ನಾಟಕಕ್ಕೆ 138.99 ಟಿ.ಎಂ.ಸಿ.; ಆಂಧ್ರಪ್ರದೇಶಕ್ಕಿದ್ದ 73.01 ಟಿ.ಎಂ.ಸಿ. 2014ರ ವಿಭಜನೆಯ ಅನಂತರ ಆಂಧ್ರಕ್ಕೆ 66.50, ತೆಲಂಗಾಣಕ್ಕೆ 6.51 ಎಂದು ಎರಡಾಯಿತು.

ಇದು ಬರಿಯ ಕಚೇರಿಯ ಸಂಗತಿಯಲ್ಲವೆಂಬುದು 2024ರ ಆಗಸ್ಟ್ 10ರ ರಾತ್ರಿ ಸ್ಪಷ್ಟವಾಯಿತು. 19ನೆಯ ಬಾಗಿಲಿನ ಸರಪಣಿ ಕಡಿದು, ಬಾಗಿಲು ಕೊಚ್ಚಿಹೋಯಿತು. ತುಂಬಿದ ಜಲಾಶಯದ ಒತ್ತಡವನ್ನು ತಗ್ಗಿಸಲು ಉಳಿದ ಬಾಗಿಲುಗಳನ್ನೂ ತೆರೆದು ನೀರನ್ನು ಹೊಳೆಗೆ ಬಿಡಬೇಕಾಯಿತು. ಒಂದು ವಾರದೊಳಗೆ, ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನಿಳಿಸಿ ಕಂಡಿಯನ್ನು ಮುಚ್ಚಲಾಯಿತು. ಆ ವಾರ ಮೂರು ರಾಜ್ಯಗಳ ರೈತರೂ ಒಂದೇ ಬಾಗಿಲನ್ನು ನೋಡುತ್ತಿದ್ದರು. ಬಾಗಿಲು ಕರ್ನಾಟಕದ ನೆಲದಲ್ಲಿತ್ತು, ಹೊಣೆ ಮಂಡಳಿಯದಾಗಿತ್ತು, ಕಳೆದುಹೋದ ನೀರು ಮೂವರದಾಗಿತ್ತು. ಹೂಳಿನ ಪ್ರಶ್ನೆಯೂ ಇಂಥದೇ. ಮೊದಲು ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯ ಈಗ ಸುಮಾರು 105 ಟಿ.ಎಂ.ಸಿ. ಮಾತ್ರ ಹಿಡಿಯುತ್ತದೆ. ಕಡಮೆಯಾದುದನ್ನು ತುಂಬಿಕೊಳ್ಳಲು ನವಲಿಯ ಬಳಿ ಸಮತೋಲನ ಜಲಾಶಯವನ್ನು ಕಟ್ಟಬೇಕೆಂಬ ಕರ್ನಾಟಕದ ಸಲಹೆಗೆ ಉಳಿದ ಎರಡು ರಾಜ್ಯಗಳ ಸಮ್ಮತಿ ಬೇಕು.

ಗಡಿಯ ಈ ಲೆಕ್ಕದಲ್ಲಿ ಬಾರದೆ ಹೋದವರು ಹಿನ್ನೀರಿನ ಜನ. ತೊಂಬತ್ತರಷ್ಟು ಹಳ್ಳಿಗಳು ಮುಳುಗಿ ಐವತ್ತು ಸಾವಿರಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡರು. ಹೊಸಪೇಟೆಯ ಪಶ್ಚಿಮದ ನಾರಾಯಣದೇವರಕೆರೆಯಂಥ ಹಳೆಯ ಊರು ನೀರಿನಡಿಗೆ ಹೋಗಿ, ಅಲ್ಲಿಯವರು ಮರಿಯಮ್ಮನಹಳ್ಳಿಗೆ ಬಂದು ನೆಲಸಿದರು. ಮುಳುಗಿದ ಊರುಗಳು ಎರಡು ದಡಗಳಲ್ಲಿಯೂ ಇದ್ದುವು. ಒಂದೇ ನೀರು ಮುಳುಗಿಸಿದರೂ ಒಂದು ದಡದವರು ಪರಿಹಾರಕ್ಕಾಗಿ ಮದರಾಸಿನ ಕಡೆಗೂ ಇನ್ನೊಂದು ದಡದವರು ಹೈದರಾಬಾದಿನ ಕಡೆಗೂ ನೋಡಬೇಕಾಯಿತು. ಅಣೆಕಟ್ಟಿನ ಕೆಳಗಿನ ಗದ್ದೆಗಳ ಚರಿತ್ರೆಯನ್ನು ಬರೆದವರು ಅನೇಕರು. ಮೇಲಿನ ಊರುಗಳ ಚರಿತ್ರೆ ಇನ್ನೂ ಬರೆಯಬೇಕಾಗಿದೆ.

೫. ಬೇರೆಡೆಯ ನಿದರ್ಶನಗಳು

ಜನ ತುಂಬಿದ ನಗರದ ನಡುವೆ ಗಡಿ ಹಾಯ್ದುದಕ್ಕೆ ಕರ್ನಾಟಕದಲ್ಲಿ ಬೆಂಗಳೂರು ಮುಖ್ಯವಾದ ನಿದರ್ಶನ. 1809ರಲ್ಲಿ ಹಲಸೂರಿನ ಬಳಿ ದಂಡುಪ್ರದೇಶ ನೆಲೆಗೊಂಡಿತು. 1881ರಲ್ಲಿ ಮೈಸೂರನ್ನು ಒಡೆಯರಿಗೆ ಹಿಂದಿರುಗಿಸಿದಾಗ ಬ್ರಿಟಿಷರು ಆ ಪ್ರದೇಶವನ್ನು ತಮ್ಮ ವಶದಲ್ಲಿಯೇ ಇಟ್ಟುಕೊಂಡರು. ಪೇಟೆ ಮಹಾರಾಜರದು, ದಂಡು ರೆಸಿಡೆಂಟನದು, ನಡುವೆ ಕಬ್ಬನ್ ಉದ್ಯಾನ. ಪುರಸಭೆ, ನ್ಯಾಯಾಲಯ, ಪೊಲೀಸು ಎಲ್ಲವೂ ಬೇರೆ ಬೇರೆ. 1947ರ ಜುಲೈ 26ರಂದು ದಂಡು ಮೈಸೂರಿಗೆ ಮರಳಿ, 1949ರಲ್ಲಿ ಎರಡು ಪುರಸಭೆಗಳು ಒಂದು ಕಾರ್ಪೊರೇಷನ್ನಾದುವು. ಆದರೆ ಪೇಟೆಯ ಮಾತೂ ದಂಡಿನ ಮಾತೂ ಒಂದಾಗಲು ಕಾನೂನಿಗಿಂತ ಹೆಚ್ಚು ಕಾಲ ಹಿಡಿಯಿತು.

ಮನೆಯನ್ನೇ ಗಡಿ ಸೀಳಿದ ಪ್ರಸಂಗಗಳೂ ಉಂಟು. ನಾಗಾಲ್ಯಾಂಡಿನ ಮೋನ್ ಜಿಲ್ಲೆಯ ಲೊಂಗ್ವಾದಲ್ಲಿ ಅಂಘನೆಂಬ ಮುಖ್ಯಸ್ಥನ ಮನೆಯೊಳಗೆ ಭಾರತ ಮ್ಯಾನ್ಮಾರುಗಳ ಗಡಿ ಹಾಯುತ್ತದೆ. ಅಮೆರಿಕ ಕೆನಡಾಗಳ ಗಡಿಯ ಮೇಲೆ 1904ರಲ್ಲಿ ಬೇಕೆಂದೇ ಕಟ್ಟಿಸಿದ ಹ್ಯಾಸ್ಕೆಲ್ ಪುಸ್ತಕಾಲಯದ ನೆಲದಲ್ಲಿ ಕಪ್ಪುಗೆರೆಯೊಂದು ಎರಡು ದೇಶಗಳನ್ನು ಬೇರ್ಪಡಿಸುತ್ತದೆ. ನೂರಕ್ಕೂ ಹೆಚ್ಚು ವರ್ಷ ಕೆನಡಾದ ಓದುಗರು ಎದುರುಬಾಗಿಲಿನಿಂದ ಹೋಗಿಬರುತ್ತಿದ್ದರು. 2025ರಲ್ಲಿ ಅಮೆರಿಕದ ಸರ್ಕಾರ ಅದಕ್ಕೆ ನಿರ್ಬಂಧ ಹಾಕಿತು. ಬೆಲ್ಜಿಯಂ ನೆದರ್ಲೆಂಡುಗಳ ಬಾರ್ಲೆ ಪಟ್ಟಣದಲ್ಲಿ ಮನೆಯ ಮುಂಬಾಗಿಲು ಯಾವ ದೇಶಕ್ಕೆ ತೆರೆದಿದೆಯೋ ಮನೆ ಆ ದೇಶದ್ದು. ಇದಕ್ಕೆ ತೀರ ವಿರುದ್ಧವಾದುದು ಬರ್ಲಿನ್. ಅಲ್ಲಿಯ ಬೆರ್ನೌವರ್ ಬೀದಿಯಲ್ಲಿ ಮನೆಗಳು ಪೂರ್ವಕ್ಕೆ, ಮುಂದಿನ ಕಾಲುದಾರಿ ಪಶ್ಚಿಮಕ್ಕೆ ಸೇರಿದ್ದುವು. 1961ರ ಆಗಸ್ಟಿನಲ್ಲಿ ಗೋಡೆಯೆದ್ದಾಗ ಜನ ಕಿಟಕಿಗಳಿಂದ ಹಾರಿ ದೇಶ ಬದಲಿಸಿದರು. ಇವುಗಳನ್ನು ಹೋಲಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕಟ್ಟಡದ ನಡುವಣ ಗಡಿ ಸಹನೀಯವಾಗುವುದೋ ಕ್ರೂರವಾಗುವುದೋ ಗೆರೆ ಹಾಯುವ ಸ್ಥಳದಿಂದ ನಿರ್ಣಯವಾಗುವುದಿಲ್ಲ; ಎರಡೂ ಕಡೆಯವರು ಒಪ್ಪಿ ನಡೆಸುವ ಏರ್ಪಾಡು ಇದೆಯೇ ಇಲ್ಲವೇ ಎಂಬುದರಿಂದ ನಿರ್ಣಯವಾಗುತ್ತದೆ.

೬. ಉಪಸಂಹಾರ

ಇಟ್ಟಿಗಿಯ ಒಂದು ಹೊಲವನ್ನು ಎಣಿಕೆಗೆ ತೆಗೆದುಕೊಳ್ಳೋಣ. 1953ರ ಸೆಪ್ಟೆಂಬರ್ ಕೊನೆಯವರೆಗೆ ಅದು ಮದರಾಸು ರಾಜ್ಯದಲ್ಲಿತ್ತು. ಮರುದಿನ ಮೈಸೂರು ರಾಜ್ಯದಲ್ಲಿತ್ತು. 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. 2021ರಲ್ಲಿ ಹೊಲದ ಜಿಲ್ಲೆ ಬಳ್ಳಾರಿ ಹೋಗಿ ವಿಜಯನಗರವಾಯಿತು. ಹೊಲ ಒಂದು ಅಂಗುಲವೂ ಸರಿಯಲಿಲ್ಲ. ಹರಪನಹಳ್ಳಿಯ ಕಥೆ ಇನ್ನೂ ತೊಡಕಿನದು. 1997ರಲ್ಲಿ ಅದು ಹೊಸದಾಗಿ ರಚಿತವಾದ ದಾವಣಗೆರೆ ಜಿಲ್ಲೆಗೆ ಸೇರಿತು. ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗಾಗಿ ಸಂವಿಧಾನಕ್ಕೆ 371-ಜೆ ಅನುಚ್ಛೇದ ಬಂದಾಗ, ನಿಜಾಮನ ಆಳಿಕೆಯಿಂದ 1800ರಲ್ಲಿಯೇ ಹೊರಬಂದಿದ್ದ ಬಳ್ಳಾರಿ ಜಿಲ್ಲೆಗೂ ಅದರ ಲಾಭ ದೊರೆಯಿತು; ದಾವಣಗೆರೆಯಲ್ಲಿದ್ದುದರಿಂದ ಹರಪನಹಳ್ಳಿಗೆ ಮೊದಲು ದೊರೆಯಲಿಲ್ಲ. ಕಾಲೇಜಿನ ಪ್ರವೇಶ, ಸರ್ಕಾರಿ ಉದ್ಯೋಗಗಳಲ್ಲಿ ಹಡಗಲಿಯ ವಿದ್ಯಾರ್ಥಿಗಿದ್ದ ಮೀಸಲು ನೆರೆಯ ಹರಪನಹಳ್ಳಿಯ ವಿದ್ಯಾರ್ಥಿಗಿಲ್ಲವಾಯಿತು. ಹೋರಾಟದ ಅನಂತರ ಆ ಲಾಭವೂ ದೊರೆತು, ತಾಲ್ಲೂಕು ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಈ ಸೀಮೆಯ ಅಧ್ಯಾಪಕರಿಗೆ ಗಡಿಯ ಬೆಲೆಯನ್ನು ತಿಳಿಸಿಕೊಡಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಇಷ್ಟರಿಂದ ನಾವು ಮುಟ್ಟುವ ನಿರ್ಣಯ ಇದು. ಭೂಮಿಯ ಮೇಲಿನ ಗಡಿಯನ್ನು ಒಂದು ಕಾಯಿದೆಯಿಂದ ಅಳಿಸಬಹುದು. ನಗರದ ನಡುವೆ ಹಾಯ್ದ ಗಡಿ ಅಳಿಸಿದ ಮೇಲೆಯೂ ಜಿಲ್ಲೆಯಾಗಿ, ಇಲಾಖೆಯಾಗಿ, ಓದಿನ ರೂಢಿಯಾಗಿ ಉಳಿಯುತ್ತದೆ. ಕಟ್ಟಡದೊಳಗೆ ಸೇರಿದ ಗಡಿಯಂತೂ ಆ ಕಟ್ಟಡವಿರುವಷ್ಟು ಕಾಲ ಬಾಳುತ್ತದೆ. ಅದನ್ನು ನಿತ್ಯವೂ ನಿರ್ವಹಿಸಬೇಕಾಗುತ್ತದೆ. ತುಂಗಭದ್ರಾ ಮಂಡಳಿಯಂಥ ಸಂಸ್ಥೆಗಳು ಮುಗಿದುಹೋದ ರಾಜಕಾರಣದ ಶೇಷಗಳಂತೆ ಕಂಡರೂ, ಹಲವು ಹಕ್ಕುದಾರರ ಒಂದು ಕಟ್ಟಡವನ್ನು ನಡೆಸಲು ಅವು ಅನಿವಾರ್ಯ. ಅವು ಚುರುಕಾಗಿದ್ದರೆ ಗೆರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಸಡಿಲವಾದರೆ ಒಂದು ಸರಪಣಿ ಕಡಿದು ಗೆರೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಈ ದಿಶೆಯಲ್ಲಿ ಮಾಡಬೇಕಾದ ಕೆಲಸ ಬಹಳವಿದೆ. ಮುಳುಗಡೆಯ ಊರುಗಳಿಂದ ಬಂದ ಮನೆತನಗಳಲ್ಲಿರುವ ಪಟ್ಟೆ, ಪಹಣಿ, ಪರಿಹಾರದ ಕಾಗದಗಳು, ದೇವಸ್ಥಾನಗಳ ಕಡತಗಳು, ಹಿರಿಯರ ನೆನಪುಗಳು ವರ್ಷದಿಂದ ವರ್ಷಕ್ಕೆ ಕಳೆದುಹೋಗುತ್ತಿವೆ. ಒಂದು ದಡದ ದಾಖಲೆ ಇಂಗ್ಲಿಷಿನಲ್ಲಿ ಚೆನ್ನೈಯಲ್ಲಿದ್ದರೆ ಇನ್ನೊಂದು ದಡದ್ದು ಉರ್ದುವಿನಲ್ಲಿ ಹೈದರಾಬಾದಿನಲ್ಲಿರುತ್ತದೆ. ಎರಡನ್ನೂ ಜೊತೆಗಿಟ್ಟು ಓದಿದಲ್ಲದೆ ಈ ಹೊಳೆಯ ಚರಿತ್ರೆ ಪೂರ್ಣವಾಗದು. ಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿಗಳ ಕಾಲೇಜುಗಳಲ್ಲಿರುವ ತರುಣ ಅಭ್ಯಾಸಿಗಳು ಹೊಳೆಯಾಚೆಯ ಕೊಪ್ಪಳ, ಮುಂಡರಗಿ, ಗಂಗಾವತಿಗಳ ತಮ್ಮ ಸಹಪಾಠಿಗಳೊಡನೆ ಸೇರಿ ಈ ಕಾರ್ಯವನ್ನು ಕೈಗೊಂಡರೆ ಇತಿಹಾಸಕ್ಕೆ ದೊಡ್ಡ ಉಪಕಾರವಾದೀತು.